ಕೀಹೋಲ್ ದಾಟಿದ ಮೇಲೆ

ಅಮೆರಿಕದ ಕೊಲರಾಡೊದಲ್ಲಿರುವ ಲಾಂಗ್ಸ್ ಪೀಕ್ ಏರುವವರು ಬೇಸಿಗೆಯಲ್ಲೂ ನಸುಕಿನ ಮೂರು ಗಂಟೆಗೆಲ್ಲ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಮಧ್ಯಾಹ್ನ ಕವಿಯುವ ಮೋಡ ಸಿಡಿಲು ತರುತ್ತದೆ. ಅಷ್ಟರೊಳಗೆ ತುದಿ ಮುಟ್ಟಿ ಇಳಿಯುವ ಹಾದಿಯಲ್ಲಿರಬೇಕು. ಶಿಖರದ ಎತ್ತರ 4,346 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮಿಗಿಲು. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಶೇ 60ರಷ್ಟು ಮಾತ್ರ ಅಲ್ಲಿ ಉಸಿರಿಗೆ ದಕ್ಕುತ್ತದೆ.

ಮೊದಲ ಹತ್ತು ಕಿಲೋಮೀಟರ್ ಬರೀ ನಡಿಗೆ. ಆಮೇಲೆ ಬೆಟ್ಟದ ಅಂಚಿನಲ್ಲಿ ಕೀಹೋಲ್ ಎಂಬ ದೊಡ್ಡ ಕಲ್ಲುಕಿಂಡಿ. ಅದರಾಚೆ ಉಳಿಯುವುದು ಸುಮಾರು ಎರಡು ಕಿಲೋಮೀಟರ್ ಅಷ್ಟೇ, ಆದರೆ ಅಲ್ಲಿ ಕಾಲೊಂದನ್ನೇ ನಂಬುವಂತಿಲ್ಲ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಪ್ರಪಾತ. ಬಂಡೆಗಳ ಮೇಲೆ ಹಳದಿ, ಕೆಂಪು ಬಣ್ಣದಲ್ಲಿ ಬಳಿದ ವೃತ್ತಗಳೇ ದಾರಿ ತೋರುತ್ತವೆ. ಅಮೆರಿಕದಲ್ಲಿ ಏರುದಾರಿಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ: ಒಂದು ಎಂದರೆ ನಡಿಗೆ, ಐದು ಎಂದರೆ ಹಗ್ಗ ಕಟ್ಟಿ ಹತ್ತುವುದು. ಕೀಹೋಲ್ ದಾರಿಯದು ಮೂರನೇ ದರ್ಜೆ. ಹಗ್ಗ ಬೇಡ, ಆದರೆ ಜಾರಿದರೆ ಪ್ರಾಣವೇ ಹೋಗಬಹುದು. ಹಗ್ಗ ಬೇಡ ಎಂದೊಡನೆ ಸುಲಭ ಎಂದುಕೊಳ್ಳುವವರ ಬಗ್ಗೆಯೇ ನನಗೆ ದಿಗಿಲು.

ಕೊನೆಯ ಏರು ಹೋಮ್‌ಸ್ಟ್ರೆಚ್. ಸಾವಿರಾರು ಬೂಟುಗಳು ಉಜ್ಜಿ ನುಣುಪಾದ ಓರೆ ಹಾಸುಬಂಡೆ ಅದು. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಯ ಮೇಲಿರಬೇಕು, ಒಂದು ಮಾತ್ರ ಮುಂದಕ್ಕೆ. ಹಿಡಿಯುವ ಕಲ್ಲನ್ನು ಮೊದಲು ತಟ್ಟಿ, ಅಲುಗಿಸಿ ನೋಡಬೇಕು. ಟೊಳ್ಳು ಸದ್ದು ಬಂದರೆ ಕೈ ಬೇರೆಡೆಗೆ. ತೆಳ್ಳಗೆ ಮಂಜುಗಡ್ಡೆ ಕಟ್ಟಿದ್ದರೆ ಇಷ್ಟೂ ಕೌಶಲ ನೀರುಪಾಲು.

1868ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ತಂಡ ಈ ಶಿಖರವೇರಿದ್ದು ದಾಖಲೆಯಲ್ಲಿ ಮೊದಲನೆಯದು. ಆದರೆ ಅಲ್ಲಿನ ಮೂಲನಿವಾಸಿಗಳಾದ ಅರಪಹೊ ಜನ ಹದ್ದು ಹಿಡಿಯಲು ಅದಕ್ಕೂ ಮೊದಲೇ ತುದಿಗೆ ಹೋಗುತ್ತಿದ್ದುದನ್ನು ಅವರ ಹಿರಿಯರು 1914ರಲ್ಲಿ ವಿವರಿಸಿದ್ದಾರೆ. 1925ರಲ್ಲಿ ಉತ್ತರದ ಮೈಗೆ ಉಕ್ಕಿನ ಕೇಬಲ್ ಬಿಗಿದರು, 1973ರಲ್ಲಿ ಕಿತ್ತರು. ಕಿತ್ತದ್ದೇ ಸರಿ. ಕೈಗೆ ಕಬ್ಬಿಣ ಸಿಕ್ಕವರು ಬಂಡೆಯನ್ನೂ ನೋಡುವುದಿಲ್ಲ, ಆಕಾಶವನ್ನೂ ನೋಡುವುದಿಲ್ಲ. ಸಿಡಿಲು ಹೊಡೆಯುವ ಬೆಟ್ಟದಲ್ಲಿ ಅದು ಆಗದ ಮಾತು.

ತುದಿ ಮುಟ್ಟಿದರೆ ಅರ್ಧ ಕೆಲಸವಾಯಿತು, ಅಷ್ಟೇ. 1925ರ ಜನವರಿಯಲ್ಲಿ ಆಗ್ನೆಸ್ ವೇಲ್ ಎಂಬ ಪರ್ವತಾರೋಹಿ ವಾಲ್ಟರ್ ಕೀನರ್ ಜೊತೆ ಕಡಿದಾದ ಪೂರ್ವದ ಮೈಯನ್ನು ಚಳಿಗಾಲದಲ್ಲೇ ಏರಿ ಗೆದ್ದರು. ಇಳಿಯುವಾಗ ಜಾರಿಬಿದ್ದು, ಕೊರೆವ ಚಳಿಯಲ್ಲಿ ಜೀವ ಬಿಟ್ಟರು. ನೆರವಿಗೆ ಹೊರಟವರಲ್ಲಿ ಹರ್ಬರ್ಟ್ ಸಾರ್ಟ್‌ಲ್ಯಾಂಡ್ ಕೂಡ ಮರಳಲಿಲ್ಲ. ಹಿಮಹುಣ್ಣಿನಿಂದ ಕೈಕಾಲುಗಳ ಬೆರಳು ಕಳೆದುಕೊಂಡ ಕೀನರ್ ಮುಂದೆ ಸಸ್ಯವಿಜ್ಞಾನಿಯಾಗಿ ಅದೇ ಬೆಟ್ಟದ ಗಿಡಗಳ ಮೇಲೆ ಸಂಶೋಧನೆ ನಡೆಸಿದರು.

ವೇಲ್ ನೆನಪಿಗೆ ಕೀಹೋಲ್ ಪಕ್ಕದಲ್ಲಿ ಕಲ್ಲಿನ ಪುಟ್ಟ ಗುಡಿಸಲೊಂದನ್ನು ಕಟ್ಟಿದ್ದಾರೆ. ಪಶ್ಚಿಮದಲ್ಲಿ ಮೋಡ ಕಂಡರೆ, ತಲೆ ಸಿಡಿಯತೊಡಗಿದರೆ, ಅನುಭವಿಗಳು ಅಲ್ಲಿಂದಲೇ ವಾಪಸು ಹೊರಡುತ್ತಾರೆ. ಹಾಗೆ ಹಿಂದಿರುಗಿದವರೂ ಆ ದಿನ ಇಪ್ಪತ್ತು ಕಿಲೋಮೀಟರ್ ನಡೆದಿರುತ್ತಾರೆ.