ಕೇಂದ್ರ ರಕ್ತನಾಳದ ಕ್ಯಾತಿಟರ್ ಹೊಂದಿರುವವರಲ್ಲಿ ಶಿಲೀಂಧ್ರ ಸೋಂಕು: ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಕೆಲವು ರೋಗಿಗಳಿಗೆ ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಿಂದ ಹೃದಯದ ಸಮೀಪದ ದೊಡ್ಡ ರಕ್ತನಾಳದವರೆಗೆ ತಲುಪುವ ನಳಿಕೆಯನ್ನು ಅಳವಡಿಸಲಾಗಿರುತ್ತದೆ. ಇದನ್ನು ಕೇಂದ್ರ ರಕ್ತನಾಳದ ಕ್ಯಾತಿಟರ್ ಎನ್ನಲಾಗುತ್ತದೆ. ಇದು ತಿಂಗಳುಗಟ್ಟಲೆ ದೇಹದಲ್ಲಿ ಉಳಿದಾಗ ರಕ್ತಕ್ಕೆ ಸೋಂಕು ತಗಲುವ ಸಂಭವವಿರುತ್ತದೆ. ಇಂತಹ ಸೋಂಕುಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದಿಂದ ಬರತಕ್ಕವು. ಶಿಲೀಂಧ್ರದಿಂದ ಬರುವವು ಕಡಿಮೆಯಾದರೂ ಪ್ರಾಣಾಪಾಯ ಹೆಚ್ಚು.

ಈ ಸೋಂಕಿಗೆ ಮುಖ್ಯ ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ. ಇದು ಆರೋಗ್ಯವಂತರ ಚರ್ಮ ಮತ್ತು ಕರುಳಿನಲ್ಲಿಯೂ ಇರುತ್ತದೆ. ಸ್ವಚ್ಛವಲ್ಲದ ಕೈಗಳಿಂದ ನಳಿಕೆಯನ್ನು ಮುಟ್ಟಿದಾಗ ಅದರೊಳಗೆ ಸೇರಿ, ಗೋಡೆಗೆ ಲೋಳೆಯಂತಹ ಪದರವಾಗಿ ಅಂಟಿಕೊಳ್ಳುತ್ತದೆ. ಈ ಪದರದೊಳಗೆ ಔಷಧವು ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ನಳಿಕೆಯನ್ನೇ ತೆಗೆಯಬೇಕಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಶಿಲೀಂಧ್ರ ಕಾಣದಂತಾದ ಮೇಲೂ ಕನಿಷ್ಠ 14 ದಿನ ಔಷಧ ಮುಂದುವರಿಸಲಾಗುತ್ತದೆ. ಮಧುಮೇಹಿಗಳು ಹಾಗೂ ಬಹುಕಾಲ ಆಂಟಿಬಯೋಟಿಕ್ ಪಡೆದವರು ವಿಶೇಷ ಎಚ್ಚರ ವಹಿಸತಕ್ಕದ್ದು.

ಕ್ಯಾತಿಟರ್ ಇರುವವರಿಗೆ ಚಳಿ, ನಡುಕ, ಜ್ವರ ಬಂದರೆ, ವಿಶೇಷವಾಗಿ ಡಯಾಲಿಸಿಸ್ ನಡೆಯುತ್ತಿರುವಾಗ ಕಾಣಿಸಿಕೊಂಡರೆ, ಅದನ್ನು ಸಾಧಾರಣ ಜ್ವರವೆಂದು ಭಾವಿಸಿ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಮಾತ್ರೆ ಶಿಲೀಂಧ್ರಕ್ಕೆ ತಾಗುವುದಿಲ್ಲ, ಕಾಯಿಲೆ ಮಾತ್ರ ಮರೆಯಾಗಿ ಬೆಳೆಯುತ್ತದೆ. ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಅಥವಾ ಡಯಾಲಿಸಿಸ್ ಘಟಕಕ್ಕೆ ತಿಳಿಸಿ, ರಕ್ತದ ಕಲ್ಚರ್ ಪರೀಕ್ಷೆಗೆ ಕೋರಬೇಕು. ಸ್ಥಿತಿ ಗಂಭೀರವಿದ್ದಲ್ಲಿ 108ಕ್ಕೆ ಕರೆ ಮಾಡಿ ಮೈಸೂರಿಗೆ ತೆರಳತಕ್ಕದ್ದು.

ಈ ಎರಡು ತಾಲ್ಲೂಕುಗಳಲ್ಲಿ ನದಿಸ್ನಾನದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಶ್ರೀಕಂಠೇಶ್ವರ ಸ್ವಾಮಿಯ ದರ್ಶನಕ್ಕೆ ಬಂದವರು ಕಪಿಲೆಯಲ್ಲಿ ಮೀಯುವುದು ವಾಡಿಕೆ. ತಿರುಮಕೂಡಲಿನ ಸಂಗಮದಲ್ಲಿ 2025ರ ಫೆಬ್ರವರಿಯ ಕುಂಭಮೇಳದಂದು ಅಪಾರ ಜನ ಮಿಂದರು. ಆದರೆ ಹೊರಗೆ ಕಾಣುವ ನಳಿಕೆ ಇರುವವರು ನದಿಯಲ್ಲಿ ಮುಳುಗಲೇಬಾರದು. ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಮನೆಯಲ್ಲಿಯೂ ಪಟ್ಟಿ ನೆನೆಯದಂತೆ ಸ್ನಾನ ಮಾಡಬೇಕು, ನೆನೆದರೆ ಅಂದೇ ಬದಲಾಯಿಸಿಕೊಳ್ಳಬೇಕು. ದೀರ್ಘಕಾಲ ಡಯಾಲಿಸಿಸ್ ಅಗತ್ಯವಿರುವವರು ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಬೇಗನೆ ಕೇಳುವುದು ಒಳ್ಳೆಯದು. ಅದು ಬಳಕೆಗೆ ಸಿದ್ಧವಾಗಲು ಹಲವು ವಾರಗಳು ಬೇಕು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗಿನ ಚಿಕಿತ್ಸೆ ಲಭ್ಯವಿರುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ತುರ್ತು ಚಿಕಿತ್ಸೆಯೆಂದು ವರ್ಗೀಕರಿಸಿದವುಗಳಿಗೆ ಮಾತ್ರ ವಿನಾಯಿತಿ ಇರುತ್ತದೆ. ಆಧಾರ್, ಪಡಿತರ ಚೀಟಿಗಳೊಂದಿಗೆ, ಕ್ಯಾತಿಟರ್ ಅಳವಡಿಸಿದ ದಿನಾಂಕವಿರುವ ಡಿಸ್ಚಾರ್ಜ್ ಪತ್ರವನ್ನೂ ಜೊತೆಯಲ್ಲಿ ಒಯ್ಯತಕ್ಕದ್ದು.