ದೇಶವಿಭಜನೆಯ ಕಥೆಗಳು

ಅಣ್ಣತಮ್ಮಂದಿರು ಪಾಲಾಗುವಾಗ ಹೊಲಗದ್ದೆಗಳನ್ನು ಅಳೆದು ಹಂಚಿಕೊಳ್ಳಬಹುದು. ಪಾತ್ರೆಪಡಗಗಳನ್ನು ಎಣಿಸಿ ಹಂಚಿಕೊಳ್ಳಬಹುದು. ಆದರೆ ಒಂದೇ ಅಂಗಳದಲ್ಲಿ ಕೂಡಿ ಆಡಿ ಬೆಳೆದ ನೆನಪನ್ನು ಹಂಚಿಕೊಳ್ಳುವ ಬಗೆ ಯಾವುದು? ಕುಟುಂಬಗಳಿಗೆ ಎದುರಾಗುವ ಈ ಪ್ರಶ್ನೆ 1947ರಲ್ಲಿ ಒಂದು ದೇಶಕ್ಕೇ ಎದುರಾಯಿತು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಭಾರತವು ಸ್ವತಂತ್ರವಾಯಿತು. ಅದರೊಡನೆಯೇ ದೇಶವು ಇಬ್ಭಾಗವಾಗಿ ಪಾಕಿಸ್ತಾನವು ಉದಯಿಸಿತು. ಪಂಜಾಬ್ ಮತ್ತು ಬಂಗಾಳ ಪ್ರಾಂತಗಳನ್ನು ಸೀಳಿ ಗಡಿಯನ್ನು ಗುರುತಿಸುವ ಹೊಣೆಯನ್ನು ಹೊತ್ತವರು ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ಆಂಗ್ಲ ನ್ಯಾಯವಾದಿ. ಅದಕ್ಕೆ ಮೊದಲು ಅವರು ಈ ನೆಲವನ್ನು ಕಂಡವರೇ ಅಲ್ಲ. ಸುಮಾರು ಐದು ವಾರಗಳಲ್ಲಿ ಅವರು ಎಳೆದ ಗೆರೆ ಆಗಸ್ಟ್ 17ರಂದು ಪ್ರಕಟವಾಯಿತು. ಒಂದು ಕೋಟಿಗೂ ಮಿಕ್ಕ ಜನರು ಹುಟ್ಟಿದೂರನ್ನು ತೊರೆದು ಗಡಿ ದಾಟಿದರು. ಗಲಭೆಗಳಲ್ಲಿ ಮಡಿದವರು ಎರಡು ಲಕ್ಷವೆಂದು ಕೆಲವರು, ಹತ್ತು ಲಕ್ಷವೆಂದು ಕೆಲವರು ಅಂದಾಜು ಮಾಡುತ್ತಾರೆ. ಇದು ಇತಿಹಾಸವು ಕೊಡುವ ಲೆಕ್ಕ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಬ್ಬೊಬ್ಬರ ಮುಖವೂ ಮರೆಯಾಗುತ್ತದೆ. ಆ ಮುಖಗಳನ್ನು ನಮಗೆ ಮರಳಿ ತೋರಿಸಿದವರು ಕಥೆಗಾರರು. ಅವರಲ್ಲಿ ಹಲವರು ತಾವೇ ನೆಲೆ ಕಳೆದುಕೊಂಡವರು.

ಉರ್ದು ಕಥೆಗಾರ ಸಾದತ್ ಹಸನ್ ಮಂಟೋ 1948ರಲ್ಲಿ ಮುಂಬಯಿಯನ್ನು ಬಿಟ್ಟು ಲಾಹೋರಿಗೆ ಹೋಗಿ ನೆಲೆಸಿದರು. ಅವರ ‘ಟೋಬಾ ಟೇಕ್ ಸಿಂಗ್’ ಕಥೆಯಲ್ಲಿ, ಹುಚ್ಚಾಸ್ಪತ್ರೆಗಳಲ್ಲಿರುವ ರೋಗಿಗಳನ್ನೂ ಮತಾನುಸಾರವಾಗಿ ಅದಲುಬದಲು ಮಾಡಿಕೊಳ್ಳಲು ಎರಡು ಸರ್ಕಾರಗಳು ನಿಶ್ಚಯಿಸುತ್ತವೆ. ಲಾಹೋರಿನ ಆಸ್ಪತ್ರೆಯಲ್ಲಿ 15 ವರ್ಷ ಕಳೆದ ಬಿಶನ್ ಸಿಂಗನಿಗೆ ತಿಳಿಯಬೇಕಾದುದು ಒಂದೇ: ತನ್ನೂರು ಈಗ ಯಾವ ದೇಶದಲ್ಲಿದೆ? ಅವನ ಹಳೆಯ ಗೆಳೆಯ ಫಜಲ್ ದೀನ್ ಬಂದು, ಮನೆಮಂದಿ ಕ್ಷೇಮವಾಗಿ ಭಾರತ ಸೇರಿದರೆಂದು ಹೇಳುತ್ತಾನೆ. ಮಗಳ ಹೆಸರು ಬಂದಾಗ ಮಾತ್ರ ಅವನ ಮಾತು ತಡವರಿಸುತ್ತದೆ. ಬಾಯಿಬಿಟ್ಟು ಹೇಳಲಾಗದ ದುಃಖವೆಲ್ಲ ಆ ತಡವರಿಕೆಯಲ್ಲಿದೆ. ಕೊನೆಗೆ ಬಿಶನ್ ಸಿಂಗ್ ಗಡಿ ದಾಟಲೊಪ್ಪದೆ, ಎರಡು ದೇಶಗಳ ಬೇಲಿಗಳ ನಡುವಣ ಹೆಸರಿಲ್ಲದ ನೆಲದ ಮೇಲೆ ಕುಸಿದು ಬೀಳುತ್ತಾನೆ.

ಅಮೃತಾ ಪ್ರೀತಂ ಅವರು ಲಾಹೋರಿನಿಂದ ಭಾರತಕ್ಕೆ ಬಂದ ಪಂಜಾಬಿ ಲೇಖಕಿ. 1950ರಲ್ಲಿ ಪ್ರಕಟವಾದ ಅವರ ‘ಪಿಂಜರ್’ ಕಾದಂಬರಿಯ ನಾಯಕಿ ಪೂರೋ. ಎರಡು ಮನೆತನಗಳ ಹಳೆಯ ಹಗೆಯ ಕಾರಣದಿಂದ ರಶೀದನೆಂಬವನು ಅವಳನ್ನು ಅಪಹರಿಸುತ್ತಾನೆ. ಅವಳು ಹೇಗೋ ತಪ್ಪಿಸಿಕೊಂಡು ತವರಿಗೆ ಬಂದರೆ, ಹೆತ್ತವರೇ ಲೋಕಕ್ಕೆ ಅಂಜಿ ಬಾಗಿಲು ಮುಚ್ಚುತ್ತಾರೆ. ವರ್ಷಗಳು ಕಳೆಯುತ್ತವೆ. ವಿಭಜನೆಯ ಗಲಭೆಯಲ್ಲಿ ಪೂರೋವಿನ ಸೋದರನ ಹೆಂಡತಿ ಲಾಜೋ ಅಪಹೃತಳಾಗುತ್ತಾಳೆ. ಅವಳನ್ನು ಪಾರುಮಾಡಿ ಅವಳವರಿಗೆ ಒಪ್ಪಿಸಲು ಪೂರೋವಿಗೆ ನೆರವಾಗುವವನು, ತನ್ನ ಪಾಪದ ಭಾರದಿಂದ ಬಳಲುತ್ತಿದ್ದ ಅದೇ ರಶೀದ. ಅವನು ಮಾಡಿದ ಅನ್ಯಾಯ ಇದರಿಂದ ಅಳಿಸಿಹೋಗುವುದಿಲ್ಲ. ಆದರೆ ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದ ಹಗೆಯ ಸರಪಳಿ ಅಲ್ಲಿಗೆ ಕಡಿಯುತ್ತದೆ.

ಇಂಥ ನೋವನ್ನು ಮತ್ತೆ ಕೆದಕುವುದೇಕೆ, ಮರೆತುಬಿಡುವುದೇ ಲೇಸಲ್ಲವೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ರಾಜಿಂದರ್ ಸಿಂಗ್ ಬೇದಿಯವರ ‘ಲಾಜವಂತಿ’ ಎಂಬ ಕಥೆ ಉತ್ತರ ಕೊಡುತ್ತದೆ. ಅಪಹೃತರಾದ ಸ್ತ್ರೀಯರನ್ನು ಹುಡುಕಿ ಹಿಂದಿರುಗಿಸಲು ಎರಡು ಸರ್ಕಾರಗಳೂ ಆಗ ಒಪ್ಪಂದ ಮಾಡಿಕೊಂಡಿದ್ದವು. ಭಾರತದಲ್ಲಿ 1949ರಲ್ಲಿ ಅದಕ್ಕಾಗಿ ಕಾನೂನೇ ಆಯಿತು. ಹೀಗೆ ಮರಳಿದವರನ್ನು ಮನೆಗೆ ಸೇರಿಸಿಕೊಳ್ಳಿರೆಂದು ಸುಂದರಲಾಲನು ಊರಿಗೆಲ್ಲ ಸಾರುತ್ತಿರುತ್ತಾನೆ. ಅವನ ಹೆಂಡತಿ ಲಾಜವಂತಿಯೂ ಮರಳುತ್ತಾಳೆ. ಹಿಂದೆ ಅವಳನ್ನು ಹೊಡೆಯುತ್ತಿದ್ದವನು ಈಗ ದೇವಿಯೆಂದು ಕರೆಯುತ್ತಾನೆ. ಆದರೆ ಅವಳು ತಾನು ಪಟ್ಟ ಪಾಡನ್ನು ಹೇಳಹೊರಟರೆ, ಕಳೆದುದನ್ನು ಮರೆತುಬಿಡೋಣವೆಂದು ತಡೆಯುತ್ತಾನೆ. ಅವಳಿಗೆ ಮನೆ ಸಿಕ್ಕಿತು. ಮನೆಯಲ್ಲಿ ತನ್ನ ಮಾತನ್ನು ಕೇಳುವ ಕಿವಿ ಸಿಕ್ಕಲಿಲ್ಲ. ಪೂಜೆಗೊಂಡ ಪ್ರತಿಮೆಯಂತೆ ಅವಳು ಒಂಟಿಯಾಗಿ ಉಳಿದಳು. ನೊಂದವರ ಬಾಯಿ ಕಟ್ಟಿ ಪಡೆದ ಶಾಂತಿ ಎಷ್ಟು ಟೊಳ್ಳಾದುದೆಂಬುದನ್ನು ಈ ಕಥೆ ಸೂಕ್ಷ್ಮವಾಗಿ ತೋರಿಸುತ್ತದೆ.

ವಿಭಜನೆಯ ಬಿರುಗಾಳಿ ಕರ್ನಾಟಕಕ್ಕೆ ಪಂಜಾಬಿನಷ್ಟು ಪ್ರಬಲವಾಗಿ ಬೀಸಲಿಲ್ಲ. ಆದರೂ ಆ ದುಃಖವನ್ನು ತನ್ನದೆಂದು ತಿಳಿದ ಕನ್ನಡಿಗರೊಬ್ಬರುಂಟು. ಮೈಸೂರಿನವರಾದ ಎಂ. ಎಸ್. ಸತ್ಯು ಅವರು ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆಯೊಂದನ್ನು ಆಧರಿಸಿ 1973ರಲ್ಲಿ ‘ಗರ್ಮ್ ಹವಾ’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಟುಹೋದರೂ ಆಗ್ರಾದಲ್ಲಿಯೇ ಉಳಿಯಲೆಳಸುವ ಪಾದರಕ್ಷೆಯ ಉದ್ಯಮಿ ಸಲೀಂ ಮಿರ್ಜಾ ಅದರ ನಾಯಕ. ಅವನ ವೃದ್ಧ ತಾಯಿಗಾದರೋ ಹಳೆಯ ಮನೆಯೇ ದೇಶ. ಕೈತಪ್ಪಿಹೋದ ಆ ಮನೆಗೆ ಅವಳನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದಾಗ, ಅಲ್ಲಿಯೇ ಅವಳು ಕೊನೆಯುಸಿರೆಳೆಯುತ್ತಾಳೆ.

ಈ ಕಥೆಗಳಾವುವೂ ಒಂದು ಮತದವರನ್ನು ಕಟಕಟೆಯಲ್ಲಿ ನಿಲ್ಲಿಸಿ ಇನ್ನೊಂದು ಮತದವರನ್ನು ನ್ಯಾಯಪೀಠದಲ್ಲಿ ಕೂರಿಸುವುದಿಲ್ಲ. ಬಿಶನ್ ಸಿಂಗನಿಗಾಗಿ ಮರುಗಿದವನು ಮುಸಲ್ಮಾನ ಲೇಖಕ. ರಶೀದನ ಪಶ್ಚಾತ್ತಾಪವನ್ನು ಅರಿತವಳು ಸಿಖ್ ಲೇಖಕಿ. ಹಗೆಯು ನಮ್ಮವರ ಗಾಯಗಳನ್ನು ಮಾತ್ರ ಎಣಿಸುತ್ತದೆ. ಅತ್ತಲ ಮನೆಯಲ್ಲಿಯೂ ಒಬ್ಬ ತಾಯಿ ಅತ್ತಿದ್ದಾಳೆಂದು ತಿಳಿದು, ಅವಳ ಮಾತನ್ನು ಕೊನೆಯವರೆಗೆ ಕೇಳಬಲ್ಲ ತಾಳ್ಮೆ ಹುಟ್ಟಿದಾಗ ಸಾಮರಸ್ಯಕ್ಕೆ ಮೊದಲಾಗುತ್ತದೆ. ಕಥೆಯನ್ನು ಓದುವಾಗ ನಾವು ಕಲಿಯುವುದು ಈ ತಾಳ್ಮೆಯನ್ನೇ.