ಕಾರ್ಡು ನಮ್ಮದು, ಮುಖ ಯಾರದು?

ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇವೆ. ಅದಕ್ಕೊಂದು ತಕ್ಕ ಉದಾಹರಣೆ 2017ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ ದೊರೆಯಿತು. ಓಮಲೂರು ತಾಲೂಕಿನ ಮಹಿಳೆಯೊಬ್ಬರು ತಮಗೆ ಬಂದ ಹೊಸ ಸ್ಮಾರ್ಟ್ ರೇಶನ್ ಕಾರ್ಡನ್ನು ತೆರೆದು ನೋಡಿದರೆ, ತಮ್ಮ ಭಾವಚಿತ್ರವಿರಬೇಕಾದಲ್ಲಿ ಚಿತ್ರನಟಿ ಕಾಜಲ್ ಅಗರ್‌ವಾಲ್ ಅವರ ಚಿತ್ರ! ಪತ್ರಿಕೆಗಳಲ್ಲಿ ಸುದ್ದಿ ಬಂತು, ಓದಿದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಚೀಲ ಹಿಡಿದು ಅಕ್ಕಿಗೆ ಹೊರಟವರಿಗೆ ಅದು ನಗುವ ವಿಷಯವಲ್ಲ.

ಹಿನ್ನೆಲೆ ಹೀಗಿದೆ. ತಮಿಳುನಾಡಿನಲ್ಲಿ 2005ರಲ್ಲಿ ಪುಸ್ತಕ ರೂಪದ ಪಡಿತರ ಚೀಟಿ ಕೊಟ್ಟಿದ್ದರು. ಅದರ ಅವಧಿ 2009ಕ್ಕೇ ಮುಗಿದರೂ ವರ್ಷಂಪ್ರತಿ ಒಳಹಾಳೆ ಅಂಟಿಸಿ ಮುಂದುವರಿಸುತ್ತ ಬಂದರು. 2017ರ ಏಪ್ರಿಲಿನಿಂದ ಅದರ ಬದಲಿಗೆ ಕ್ಯೂಆರ್ ಸಂಕೇತವುಳ್ಳ ಪ್ಲಾಸ್ಟಿಕ್ ಕಾರ್ಡು ಬಂತು. ಆಧಾರ್ ವಿವರ ಸೇರಿಸಿ, ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ಸುಮಾರು ಎರಡು ಕೋಟಿ ಕುಟುಂಬಗಳಿಗೆ ಕಾರ್ಡು ಅಚ್ಚು ಹಾಕುವ ಕೆಲಸ. ನಕಲಿ ಕಾರ್ಡುಗಳು ತೊಲಗಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಹೆಸರು, ವಿಳಾಸ, ಭಾವಚಿತ್ರಗಳಲ್ಲಿ ತಪ್ಪುಗಳು ನುಸುಳಿದವು. ತಿದ್ದಿಸಬೇಕಾದವರು ಇಲಾಖೆಯ ಜಾಲತಾಣಕ್ಕೋ ಇ-ಸೇವಾ ಕೇಂದ್ರಕ್ಕೋ ಹೋಗಬೇಕು. ತಪ್ಪು ಮಾಡಿದವರು ಒಬ್ಬರು, ಬಸ್ಸಿನ ಚಾರ್ಜು ತೆತ್ತು ದಿನದ ಕೂಲಿ ಕಳೆದುಕೊಳ್ಳುವವರು ಇನ್ನೊಬ್ಬರು.

ಸೇಲಂ, ಧರ್ಮಪುರಿಗಳು ನಮಗೆ ತೀರ ಪರಸ್ಥಳಗಳಲ್ಲ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಸೇಲಂ ಕಡೆಯ ನೇಕಾರರಾದ ದೇವಾಂಗರಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅಲ್ಲಿನ ಗಂಗಮ್ಮನ ಹೆಸರನ್ನು ಊರವರು ಸರಿಯಾಗಿಯೇ ಓದಿಯಾರು. ಯಂತ್ರ ಅದನ್ನು ಕಂಗಮ್ಮ ಎಂದು ಓದಿ ಇಂಗ್ಲಿಷಿಗೆ ಇಳಿಸಿದರೆ ಕೇಳುವವರಾರು?

ಗಡಿನಾಡಿನ ನಮಗೂ ಈ ಕಷ್ಟ ಹೊಸತಲ್ಲ. ಕೇರಳದಲ್ಲೂ 2017ರಲ್ಲಿ ಹಳದಿ, ಗುಲಾಬಿ, ನೀಲಿ, ಬಿಳಿ ಬಣ್ಣಗಳ ಹೊಸ ಕಾರ್ಡುಗಳು ಬಂದವು. ಆಗ ನಮ್ಮ ತರಗತಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಬರಲಿಲ್ಲ. ರಜಾ ಅರ್ಜಿಯಲ್ಲಿ "ಅಜ್ಜಿಯ ಒಟ್ಟಿಗೆ ಕಾರ್ಡು ಸರಿ ಮಾಡಿಸಲು" ಎಂದು ಬರೆದಿದ್ದ. ಬೀಡಿ ಕಟ್ಟಿ ಬದುಕುವ ಅಜ್ಜಿಯ ಉದ್ಯೋಗ "ಸರಕಾರಿ ನೌಕರಿ" ಎಂದು ಅಚ್ಚಾಗಿತ್ತು. ಕಾರ್ಡು ಮಲಯಾಳದಲ್ಲಿ, ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. "ನನಗೆ ಯಾವಾಗ ಕೆಲಸ ಸಿಕ್ಕಿತು ಮಾಷ್ಟ್ರೇ?" ಎಂದು ಆಕೆ ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ನಾವು ಶಾಲೆಯಲ್ಲಿ ಒಂದು ಕೆಲಸ ಮಾಡುತ್ತೇವೆ. ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರು, ಜನ್ಮದಿನಾಂಕ, ಹೆತ್ತವರ ಹೆಸರುಗಳನ್ನು ಓದಿ ಹೇಳಿ, ಸರಿಯೆಂದು ಒಪ್ಪಿಗೆ ಪಡೆದ ಮೇಲೆಯೇ ವಿವರ ಮೇಲಕ್ಕೆ ಹೋಗುತ್ತದೆ. ಇದರಿಂದ ಉಳಿಯುವ ಅಲೆದಾಟ ಅಷ್ಟಿಷ್ಟಲ್ಲ. ರೇಶನ್ ಕಾರ್ಡಿಗೂ ಇದೇ ಕ್ರಮವಿದ್ದರೆ, ಅಚ್ಚಿಗೆ ಹೋಗುವ ಮೊದಲು ಅಂಗಡಿಯಲ್ಲೇ ಪ್ರತಿಯೊಂದನ್ನು ಮನೆಯವರಿಗೆ ತೋರಿಸಿದ್ದರೆ, ಚಿತ್ರನಟಿ ಓಮಲೂರಿಗೆ ಬರುತ್ತಿದ್ದರೇ?

ಜನರನ್ನು ನೋಡಿ ಮಾಡಿದ ಬದಲಾವಣೆಯೂ ಅದೇ ಸೀಮೆಯಲ್ಲಿ ಉಂಟು. 2023ರಲ್ಲಿ ತಮಿಳುನಾಡು ಸರಕಾರವು ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳಲ್ಲಿ ಪ್ರಯೋಗಾರ್ಥವಾಗಿ 2 ಕಿಲೊ ಅಕ್ಕಿಯ ಬದಲು 2 ಕಿಲೊ ರಾಗಿ ಕೊಡಲು ತೊಡಗಿತು. ಧರ್ಮಪುರಿ ರಾಗಿ ಬೆಳೆಯುವ, ರಾಗಿ ಉಣ್ಣುವ ಜಿಲ್ಲೆ. ಅಲ್ಲಿ ಮೊದಲು ಊಟದ ಬಟ್ಟಲು ನೋಡಿದರು, ಆಮೇಲೆ ಲೆಕ್ಕ ಬರೆದರು. ಕಾರ್ಡಿನ ವಿಷಯದಲ್ಲಿ ಮೊದಲು ಯಂತ್ರ, ಆಮೇಲೆ ಮನುಷ್ಯ ಎಂದಾಯಿತು.

ನಮ್ಮಲ್ಲಿ ಇತ್ತೀಚಿನ ವರ್ಷಗಳಲ್ಲಿ "ತೆಳಿಮ" ಎಂಬ ಯೋಜನೆಯಡಿ ರೇಶನ್ ಅಂಗಡಿಗಳಲ್ಲೇ ಪೆಟ್ಟಿಗೆ ಇಟ್ಟು, ಕಾರ್ಡಿನ ತಪ್ಪುಗಳ ಬಗ್ಗೆ ಅರ್ಜಿ ಸ್ವೀಕರಿಸಿದ್ದುಂಟು. ಇದು ಮೆಚ್ಚತಕ್ಕ ಕೆಲಸ. ಆದರೆ ತಪ್ಪಿದೆಯೆಂದು ತಿಳಿಯಲು ಮೊದಲು ಓದಲು ಬರಬೇಕಷ್ಟೆ. ಓದುಗರಲ್ಲಿ ನಮ್ಮದೊಂದು ಬಿನ್ನಹ: ಈ ಭಾನುವಾರ ನಿಮ್ಮ ಕಾರ್ಡನ್ನು ತೆಗೆದು ಸಾಲು ಸಾಲಾಗಿ ಓದಿರಿ. ನೆರೆಮನೆಯ ಅಜ್ಜಿಗೆ ಮಲಯಾಳ ಬಾರದಿದ್ದರೆ ಅವರದನ್ನೂ ಓದಿ ಹೇಳಿರಿ. ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ವಾರ ನಾವು ಕೊಟ್ಟಿರುವ ಮನೆಗೆಲಸವೂ ಇದುವೇ.